ಎಸೆಯುವ ಜುಟ್ಟಿನಿಂದ ಅನಾನಸಿನ ಗಿಡ

ಬೆಳಗಾವಿಯ ಪೇಟೆಯಿಂದಲೋ ಖಾನಾಪುರದ ಸಂತೆಯಿಂದಲೋ ಅನಾನಸು ತಂದ ಮನೆಗಳಲ್ಲಿ, ಹಣ್ಣನ್ನು ಹೆಚ್ಚಿ ಹಂಚಿದ ಬಳಿಕ ಅದರ ಹಸಿರು ಜುಟ್ಟು ತಿಪ್ಪೆಯನ್ನು ಸೇರುವುದು ವಾಡಿಕೆ. ಆದರೆ ಆ ಜುಟ್ಟು ಕಸವಲ್ಲ, ಜೀವವುಳ್ಳ ಸಸಿ. ಅದನ್ನು ಹಿತ್ತಲಿನಲ್ಲಿ ನೆಟ್ಟು ಕಾಪಾಡಿದರೆ ಎರಡು ವರ್ಷಗಳ ಸುಮಾರಿಗೆ ಅದೂ ಒಂದು ಹಣ್ಣನ್ನು ಕೊಡುತ್ತದೆ. ಅದನ್ನು ಬೆಳೆಸುವ ಕ್ರಮವನ್ನೂ, ಈ ಹಣ್ಣಿನ ವಿಷಯದಲ್ಲಿ ದಂಪತಿಗಳು ಅವಶ್ಯವಾಗಿ ತಿಳಿದಿರಬೇಕಾದ ಒಂದು ಸಂಗತಿಯನ್ನೂ ಇಲ್ಲಿ ವಿವರಿಸಲಾಗಿದೆ.

ಹಣ್ಣಿನ ಪರಿಚಯ

ಅನಾನಸಿನ ತವರು ದಕ್ಷಿಣ ಅಮೆರಿಕ. ಕೊಲಂಬಸನು 1493ರಲ್ಲಿ ಗ್ವಾಡಲೂಪ್ ದ್ವೀಪದಲ್ಲಿ ಇದನ್ನು ಕಂಡನು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಇದನ್ನು ಭಾರತಕ್ಕೆ ತಂದರು. ಹಣ್ಣಿನೊಡನೆ ಹೆಸರೂ ಬಂದಿತು. ಖಾನಾಪುರದ ಗಡಿಯಾಚೆಯ ಗೋವೆಯಲ್ಲಿಯೂ ನಮ್ಮಲ್ಲಿಯೂ, ಕೊಂಕಣಿ, ಮರಾಠಿ, ಕನ್ನಡ ಮೂರು ಭಾಷೆಗಳಲ್ಲಿಯೂ ಇದರ ಹೆಸರು ಹೆಚ್ಚುಕಡಿಮೆ ಒಂದೇ. ಕರ್ನಾಟಕದಲ್ಲಿ ಉತ್ತರ ಕನ್ನಡದ ಬನವಾಸಿ ಪ್ರದೇಶವು ಇದರ ಬೆಳೆಗೆ ಹೆಸರಾಗಿದೆ.

ಹಣ್ಣಿನ ಮೇಲಿನ ಒಂದೊಂದು ಕಣ್ಣೂ ಒಂದೊಂದು ಹೂವಿನಿಂದ ಆದುದು. ನೂರಕ್ಕೂ ಮಿಕ್ಕಿದ ಹೂಗಳು ಒಂದಕ್ಕೊಂದು ಕೂಡಿಕೊಂಡು ಒಂದೇ ಹಣ್ಣಾಗುತ್ತವೆ. ಒಂದೇ ತಳಿಯ ಪರಾಗದಿಂದ ಇದು ಬೀಜ ಕಟ್ಟುವುದಿಲ್ಲವಾದ್ದರಿಂದ ನಾವು ತಿನ್ನುವ ಹಣ್ಣಿನಲ್ಲಿ ಸಾಮಾನ್ಯವಾಗಿ ಬೀಜವಿರುವುದಿಲ್ಲ. ಆದಕಾರಣ ಕಂದುಗಳಿಂದ ಅಥವಾ ಜುಟ್ಟಿನಿಂದಲೇ ವಂಶ ಮುಂದುವರಿಯಬೇಕು.

ಜುಟ್ಟನ್ನು ಸಿದ್ಧಪಡಿಸುವ ಕ್ರಮ

ಚೆನ್ನಾಗಿ ಮಾಗಿದ, ಆದರೆ ಜುಟ್ಟು ಬಾಡದಿರುವ ಹಣ್ಣನ್ನು ಆರಿಸಿಕೊಳ್ಳಿರಿ. ಜುಟ್ಟಿನ ನಡುವಣ ಎಳೆಯ ಎಲೆಗಳು ಹಸಿರಾಗಿರಬೇಕು. ಹಣ್ಣನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಜುಟ್ಟನ್ನು ತಿರುಚಿದರೆ ಅದು ಕಳಚಿ ಬರುತ್ತದೆ. ಚಾಕುವಿನಿಂದ ಕತ್ತರಿಸಿದ್ದಾದರೆ ಬುಡಕ್ಕೆ ಅಂಟಿದ ತಿರುಳನ್ನು ಪೂರ್ಣವಾಗಿ ತೆಗೆಯಬೇಕು. ತಿರುಳು ಉಳಿದರೆ ಬುಡ ಕೊಳೆಯುತ್ತದೆ, ಇರುವೆಯೂ ಮುತ್ತುತ್ತದೆ.

ಅನಂತರ ಬುಡದ ಎಲೆಗಳನ್ನು ಒಂದೊಂದಾಗಿ ಕಿತ್ತು, ಸುಮಾರು ಒಂದು ಅಂಗುಲದಷ್ಟು ಕಾಂಡವನ್ನು ಬರಿದು ಮಾಡಿರಿ. ಅಲ್ಲಿ ಕಾಣುವ ಸಣ್ಣ ಕಂದು ಚುಕ್ಕೆಗಳೇ ಬೇರಿನ ಮೊಳಕೆಗಳು. ಹೀಗೆ ಸಿದ್ಧಪಡಿಸಿದ ಜುಟ್ಟನ್ನು ನಾಲ್ಕೈದು ದಿನ ನೆರಳಿನಲ್ಲಿ ಒಣಗಲು ಬಿಡಬೇಕು. ಗಾಯವು ಒಣಗಿ ಗಟ್ಟಿಯಾಗದ ಹೊರತು ಮಣ್ಣಿಗೆ ಇಡಬಾರದು. ಅವಸರದಿಂದ ಹಸಿ ಜುಟ್ಟನ್ನು ನೆಡುವುದರಿಂದಲೇ ಬಹಳಷ್ಟು ಸಸಿಗಳು ಕೊಳೆತುಹೋಗುತ್ತವೆ.

ನೆಡುವ ಕ್ರಮ

ಖಾನಾಪುರ ತಾಲ್ಲೂಕಿನ ಕೆಂಪು ಮಣ್ಣು ಅನಾನಸಿಗೆ ಒಗ್ಗುತ್ತದೆ. ಇದು ಸ್ವಲ್ಪ ಹುಳಿಗುಣವುಳ್ಳ ಮಣ್ಣನ್ನು ಬಯಸುವ ಸಸ್ಯ. ಆದರೆ ಇದರ ಬೇರು ನಿಂತ ನೀರನ್ನು ಸಹಿಸದು. ಕಣಕುಂಬಿ, ಜಾಂಬೋಟಿಯ ಕಡೆಯ ಜಡಿಮಳೆಯಲ್ಲಿ ತಗ್ಗಿನಲ್ಲಿಟ್ಟ ಸಸಿ ಉಳಿಯುವುದು ಕಷ್ಟ. ಅಂಥ ಊರುಗಳಲ್ಲಿ ಏರು ಮಡಿಯಲ್ಲಿ ಅಥವಾ ಕುಂಡದಲ್ಲಿ ನೆಡಬೇಕು. ಎರೆಮಣ್ಣಿನ ಊರುಗಳವರೂ ಕುಂಡವನ್ನೇ ಬಳಸುವುದು ಮೇಲು. ಖಾನಾಪುರವು ಕುಂಬಾರಿಕೆಗೆ ಹೆಸರಾದ ಊರು. ಒಂದು ಅಡಿ ಅಗಲದ, ತಳದಲ್ಲಿ ರಂಧ್ರಗಳಿರುವ ಮಣ್ಣಿನ ಕುಂಡ ಸಾಕು. ಹಳೆಯ ಡಬ್ಬಿಗೆ ತೂತು ಕೊರೆದರೂ ಆದೀತು.

ಕೆಂಪು ಮಣ್ಣು, ಮರಳು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಇವನ್ನು ಸಮಭಾಗವಾಗಿ ಬೆರೆಸಿ ತುಂಬಿರಿ. ಎಲೆ ಕಿತ್ತ ಭಾಗವಷ್ಟೇ ಹೂಳುವಂತೆ ಜುಟ್ಟನ್ನು ನೆಟ್ಟು, ಸುತ್ತಲಿನ ಮಣ್ಣನ್ನು ಒತ್ತಿರಿ. ನಡುವಣ ಸುಳಿಯಲ್ಲಿ ಮಣ್ಣು ಬೀಳಬಾರದು. ಬೇಸಿಗೆಯಲ್ಲಿ ನೆಟ್ಟರೆ ಮೃಗಶಿರ ಮಳೆ ಬರುವ ಹೊತ್ತಿಗೆ ಬೇರು ಬಿಟ್ಟಿರುತ್ತದೆ. ಆರರಿಂದ ಎಂಟು ವಾರಗಳ ಅನಂತರ ಮೆಲ್ಲಗೆ ಎಳೆದು ನೋಡಿದಾಗ ಸಸಿ ಅಲುಗದಿದ್ದರೆ ಬೇರು ಹಿಡಿದಿದೆಯೆಂದು ತಿಳಿಯಬಹುದು.

ಆರೈಕೆ ಮತ್ತು ಸೊಳ್ಳೆಯ ಎಚ್ಚರಿಕೆ

ದಿನಕ್ಕೆ ಆರು ಗಂಟೆಯಷ್ಟಾದರೂ ಬಿಸಿಲು ಬೀಳುವ ಸ್ಥಳ ಬೇಕು. ಈ ಸಸ್ಯದ ಎಲೆಯ ಸೂಕ್ಷ್ಮರಂಧ್ರಗಳು ಹೆಚ್ಚಾಗಿ ರಾತ್ರಿಯ ತಂಪಿನಲ್ಲಿ ತೆರೆಯುತ್ತವೆ; ಆದ್ದರಿಂದ ನೀರು ಹೆಚ್ಚು ಆರಿಹೋಗುವುದಿಲ್ಲ. ಮಳೆಯಿಲ್ಲದಾಗ ವಾರಕ್ಕೆ ಒಂದೆರಡು ಬಾರಿ ನೀರುಣಿಸಿದರೆ ಸಾಕು. ಎರಡು ತಿಂಗಳಿಗೊಮ್ಮೆ ಒಂದು ಬೊಗಸೆ ಕಳಿತ ಗೊಬ್ಬರ ಹಾಕಿರಿ. ಬೆಳಗಾವಿಯ ಚಳಿಗಾಲದಲ್ಲಿ ಬೆಳವಣಿಗೆ ನಿಧಾನವಾಗುವುದು ಸಹಜ, ಚಿಂತಿಸಬೇಕಾಗಿಲ್ಲ.

ಒಂದು ಎಚ್ಚರಿಕೆ ಅವಶ್ಯ. ಅನಾನಸಿನ ಎಲೆಗಳ ಸಂದಿನಲ್ಲಿಯೂ, ಕುಂಡದ ಕೆಳಗಿನ ತಟ್ಟೆಯಲ್ಲಿಯೂ ನೀರು ನಿಲ್ಲುತ್ತದೆ. ಡೆಂಗೂ ಮತ್ತು ಚಿಕುನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆ ಇಂಥ ಅಲ್ಪ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆಯು ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ತಪ್ಪದೆ ತಟ್ಟೆಯ ನೀರನ್ನು ಚೆಲ್ಲಿ ಒರೆಸಿರಿ. ಎಲೆಗಳ ಸಂದಿಗೆ ರಭಸದಿಂದ ನೀರೆರಚಿ ಹಳೆಯ ನೀರನ್ನು ಹೊರದೂಡಿರಿ.

ಹೂ ಮತ್ತು ಹಣ್ಣು

ಜುಟ್ಟಿನಿಂದ ಬೆಳೆದ ಗಿಡವು ಹೂ ಬಿಡಲು ಸುಮಾರು ಒಂದೂವರೆ ವರ್ಷದಿಂದ ಎರಡು ವರ್ಷ ಬೇಕು; ಕುಂಡದಲ್ಲಿ ಇನ್ನೂ ತಡವಾಗಬಹುದು. ಹೂವಾದ ಬಳಿಕ ಹಣ್ಣು ಮಾಗಲು ಐದಾರು ತಿಂಗಳು ಹಿಡಿಯುತ್ತದೆ. ಗಿಡ ಬಲಿತಿದ್ದರೂ ಹೂ ಬಿಡದಿದ್ದರೆ, ಅದರ ಬಳಿ ಒಂದೆರಡು ಮಾಗಿದ ಬಾಳೆಹಣ್ಣುಗಳನ್ನಿಟ್ಟು, ಇಡೀ ಗಿಡವನ್ನು ಪ್ಲಾಸ್ಟಿಕ್ ಚೀಲದಿಂದ ನಾಲ್ಕೈದು ದಿನ ಮುಚ್ಚಿ ನೆರಳಿನಲ್ಲಿಡಿರಿ. ಮಾಗಿದ ಹಣ್ಣಿನಿಂದ ಹೊರಡುವ ಎಥಿಲೀನ್ ಎಂಬ ಅನಿಲವು ಹೂವನ್ನು ಪ್ರೇರಿಸುತ್ತದೆ. ಇದಕ್ಕಾಗಿ ಕಾರ್ಬೈಡನ್ನು ಮನೆಯೊಳಗೆ ತರಬೇಡಿರಿ; ಅದು ಅಪಾಯಕರ ವಸ್ತು.

ಒಂದು ಗಿಡ ಒಮ್ಮೆ ಒಂದೇ ಹಣ್ಣು ಬಿಡುತ್ತದೆ. ಬಳಿಕ ಬುಡದಲ್ಲಿ ಕಂದುಗಳು ಮೂಡುತ್ತವೆ. ಅವುಗಳನ್ನು ಬೇರ್ಪಡಿಸಿ ನೆಟ್ಟರೆ ಜುಟ್ಟಿಗಿಂತ ಬೇಗ ಫಲ ದೊರೆಯುತ್ತದೆ.

ಹಣ್ಣಿನ ಗುಣ

100 ಗ್ರಾಂ ಅನಾನಸಿನಲ್ಲಿ ಸುಮಾರು 45ರಿಂದ 50 ಮಿಲಿಗ್ರಾಂ ‘ಸಿ’ ಜೀವಸತ್ವವಿದೆ. ಈ ಜೀವಸತ್ವವು ರೊಟ್ಟಿ, ಕಾಳು, ಸೊಪ್ಪುಗಳಲ್ಲಿರುವ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ನೆರವಾಗುತ್ತದೆ. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಬಹಳವಾಗಿರುವುದರಿಂದ ಇದು ಸಣ್ಣ ಮಾತಲ್ಲ. ಆದರೆ ಹಣ್ಣು ಔಷಧಿಗೆ ಬದಲಿಯಲ್ಲ. ಗರ್ಭಿಣಿಯು ನಾಲ್ಕನೆಯ ತಿಂಗಳಿನಿಂದ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ತೆಗೆದುಕೊಳ್ಳಲೇಬೇಕು. ಅವನ್ನು ಚಹಾದೊಡನೆ ನುಂಗಬಾರದು. ಸಕ್ಕರೆ ಕಾಯಿಲೆಯುಳ್ಳವರು ಈ ಹಣ್ಣನ್ನು ಮಿತವಾಗಿ ತಿನ್ನಬೇಕು. ತಿಂದಾಗ ನಾಲಿಗೆ ಚುರುಗುಟ್ಟುವುದಕ್ಕೆ ಅದರಲ್ಲಿರುವ ಬ್ರೊಮೆಲಿನ್ ಎಂಬ ಕಿಣ್ವವೂ ಹಣ್ಣಿನ ಹುಳಿಯೂ ಕಾರಣ.

ಗರ್ಭಿಣಿಯರು ಅನಾನಸು ತಿನ್ನಬಹುದೇ?

ಅನಾನಸು ತಿಂದರೆ ಬಸಿರು ಇಳಿಯುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಬೇರೂರಿದೆ. ಮಾಗಿದ ಹಣ್ಣನ್ನು ಊಟದೊಡನೆ ಕೆಲವು ಹೋಳುಗಳಷ್ಟು ತಿಂದರೆ ಗರ್ಭಪಾತವಾಗುತ್ತದೆಂಬುದಕ್ಕೆ ವೈದ್ಯಕೀಯ ಆಧಾರವಿಲ್ಲ. ಹಣ್ಣು ಒಗ್ಗದಿರುವವರನ್ನು ಬಿಟ್ಟು ಉಳಿದ ಗರ್ಭಿಣಿಯರು ಅದನ್ನು ಮಿತವಾಗಿ ತಿನ್ನಬಹುದು. ಅತ್ತೆಯಂದಿರು ಸೊಸೆಯ ತಟ್ಟೆಯಿಂದ ಇದನ್ನು ತೆಗೆದಿಡಬೇಕಾಗಿಲ್ಲ.

ಇದೇ ನಂಬಿಕೆಯ ಇನ್ನೊಂದು ಮುಖ ಹೆಚ್ಚು ಅಪಾಯಕರ. ಬೇಡವಾದ ಬಸಿರನ್ನು ಇಳಿಸಲು ಅನಾನಸಿನ ಕಾಯಿಯನ್ನು ತಿನ್ನುವವರಿದ್ದಾರೆ. ಕಾಯಿಯಿಂದ ಬಾಯಿಯುರಿ, ಹೊಟ್ಟೆನೋವು, ವಾಂತಿ, ಭೇದಿ ಉಂಟಾಗಬಹುದೇ ಹೊರತು ಗರ್ಭವು ಇಳಿಯುತ್ತದೆಂದು ನೆಚ್ಚುವಂತಿಲ್ಲ. ಹೀಗೆ ಕಾಯುತ್ತ ಕುಳಿತ ವಾರಗಳು ವ್ಯರ್ಥವಾಗುತ್ತವೆ; ಗರ್ಭ ಬೆಳೆಯುತ್ತದೆ; ಕೊನೆಗೆ ಅರಿಯದವರ ಕೈಗೆ ಸಿಕ್ಕಿ ತಾಯಿಯ ಪ್ರಾಣಕ್ಕೇ ಕುತ್ತು ಬರುತ್ತದೆ. ಮುಟ್ಟು ತಪ್ಪಿದ ಕೂಡಲೆ ಆಶಾ ಕಾರ್ಯಕರ್ತೆಯನ್ನು ಕಂಡು ಪರೀಕ್ಷೆ ಮಾಡಿಸಿಕೊಳ್ಳಿರಿ. ಗರ್ಭವನ್ನು ಮುಂದುವರಿಸಲು ಸಾಧ್ಯವಿಲ್ಲದ ಪರಿಸ್ಥಿತಿಯಿದ್ದರೆ ತಡಮಾಡದೆ ಸರ್ಕಾರಿ ವೈದ್ಯರಲ್ಲಿಗೆ ಬನ್ನಿರಿ. 1971ರ ಕಾಯಿದೆಯು ಗೊತ್ತಾದ ನಿಯಮಗಳಿಗೆ ಒಳಪಟ್ಟು ಸುರಕ್ಷಿತ ಗರ್ಭಪಾತಕ್ಕೆ ಅವಕಾಶ ಕೊಟ್ಟಿದೆ. ಪ್ರಾಪ್ತ ವಯಸ್ಸಿನ ಮಹಿಳೆಯ ಒಪ್ಪಿಗೆಯೊಂದೇ ಸಾಕು. ವಿಷಯವನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ. ಬಸಿರನ್ನು ಮುಂದೂಡಬೇಕೆನ್ನುವವರಿಗೆ ಸುರಕ್ಷಿತ ಸಾಧನಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ.

ಅನಾನಸು ಹಿತ್ತಲಿನ ಹಣ್ಣು; ಹಸಿವಿಗೂ ರುಚಿಗೂ ಒದಗುವಂಥದು. ಅದನ್ನು ಬಸಿರಿನ ಶತ್ರುವೆಂದು ಹೆದರಲೂ ಬೇಡಿ, ಬಸಿರಿನ ಔಷಧಿಯೆಂದು ನಂಬಲೂ ಬೇಡಿ. ಮುಂದಿನ ಸಲ ಹಣ್ಣು ತಂದಾಗ ಜುಟ್ಟನ್ನು ಎಸೆಯದೆ ನೆರಳಿನಲ್ಲಿ ಒಣಗಲಿಡಿ. ಎರಡು ವರ್ಷಗಳ ಬಳಿಕ ಮನೆಯಲ್ಲೇ ಮಾಗುವ ಆ ಹಣ್ಣಿನಲ್ಲಿ ಮನೆಯ ಗರ್ಭಿಣಿಗೂ, ಬಾಣಂತಿಗೂ, ಮಕ್ಕಳಿಗೂ ಪಾಲಿರಲಿ.