ನಮ್ಮ ಕೈ, ಅಜ್ಜಿಯ ಜೀವ

ನಾವು ವೃದ್ಧಾಶ್ರಮದಲ್ಲಿ ಕೆಲಸ ಮಾಡುವವರು. ಒಬ್ಬ ಅಜ್ಜಿಗೆ ಸ್ನಾನ ಮಾಡಿಸ್ತೀವಿ. ಇನ್ನೊಬ್ಬರ ಹೊಲಸು ಬಟ್ಟೆ ತೆಗೀತೀವಿ. ಮತ್ತೊಬ್ಬರಿಗೆ ಗಂಜಿ ಕುಡಿಸ್ತೀವಿ. ಎಲ್ಲಕ್ಕೂ ಇದೇ ಎರಡು ಕೈ.

ಒಬ್ಬ ಅಜ್ಜಿಗೆ ಭೇದಿ ಆಯ್ತು ಅನ್ನಿ. ಅವರ ಬಟ್ಟೆ ಬದಲಿಸಿದೆವು. ಕೈಯನ್ನು ಸೆರಗಿಗೆ ಒರೆಸಿಕೊಂಡೆವು. ಪಕ್ಕದ ಮಂಚದ ಅಜ್ಜಿಗೆ ಊಟ ಮಾಡಿಸಿದೆವು. ಎರಡು ದಿನಕ್ಕೆ ಅವರಿಗೂ ಭೇದಿ! ಹೇಗೆ ಬಂತು? ನಮ್ಮ ಕೈಯಿಂದಲೇ ಬಂತು. ರೋಗಾಣು ಕಣ್ಣಿಗೆ ಕಾಣೋದಿಲ್ಲ. ವಯಸ್ಸಾದವರಿಗೆ ರೋಗ ತಡೆಯುವ ಶಕ್ತಿ ಕಡಿಮೆ. ಭೇದಿ ಅವರ ಪ್ರಾಣಕ್ಕೇ ಬರಬಹುದು.

ಕೈ ಯಾವಾಗ ತೊಳೆಯಬೇಕು?
ಅವರನ್ನು ಮುಟ್ಟುವ ಮೊದಲು, ಮುಟ್ಟಿದ ಮೇಲೆ.
ಊಟ, ಮಾತ್ರೆ ಕೊಡುವ ಮೊದಲು.
ಗಾಯಕ್ಕೆ ಔಷಧಿ ಹಚ್ಚುವ ಮೊದಲು.
ಅವರ ಹಾಸಿಗೆ, ಮಂಚ ಮುಟ್ಟಿದ ಮೇಲೆ.
ಮಲ, ಮೂತ್ರ, ವಾಂತಿ, ರಕ್ತ ತೆಗೆದ ಮೇಲೆ. ಗ್ಲೌಸ್ ಹಾಕಿದ್ದರೂ ತೊಳೆಯಲೇಬೇಕು. ಒಬ್ಬರಿಗೆ ಹಾಕಿದ ಗ್ಲೌಸ್ ಇನ್ನೊಬ್ಬರಿಗೆ ಬೇಡ.

ಹೇಗೆ ತೊಳೆಯಬೇಕು?
ಕೈ ಒದ್ದೆ ಮಾಡಿ ಸೋಪು ಹಚ್ಚೋಣ. ಅಂಗೈ, ಹಿಂಗೈ, ಬೆರಳಸಂದು, ಹೆಬ್ಬೆರಳು, ಉಗುರು ಎಲ್ಲ ಉಜ್ಜೋಣ. ಹರಿಯುವ ನೀರಲ್ಲಿ ತೊಳೆಯೋಣ. ನಲ್ಲಿ ಇಲ್ಲವೇ? ಒಬ್ಬರು ಚೊಂಬಿನಿಂದ ನೀರು ಸುರಿಯಲಿ. ಒಗೆದ ಒಣ ಬಟ್ಟೆಯಲ್ಲಿ ಒರೆಸೋಣ. ಸೆರಗು ಬೇಡ. ಇದಕ್ಕೆಲ್ಲ 40ರಿಂದ 60 ಸೆಕೆಂಡು ಸಾಕು.

ಕೈ ಹೊಲಸಾಗಿದ್ದರೆ ಸ್ಯಾನಿಟೈಸರ್ ಸಾಲದು. ಸೋಪು, ನೀರೇ ಬೇಕು. ಭೇದಿ ಇದ್ದವರನ್ನು ನೋಡಿಕೊಂಡ ಮೇಲೂ ಅಷ್ಟೇ.

ಕೆಲಸದ ಜಾಗದಲ್ಲಿ ಸೋಪು ಇಲ್ಲವೇ? ಎಲ್ಲರೂ ಸೇರಿ ಮೇಲಿನವರನ್ನು ಕೇಳೋಣ. ಕೇಳೋಕೆ ಸಂಕೋಚ ಯಾಕೆ?

ಮನೆಗೆ ಹೊರಡುವಾಗಲೂ ಕೈ ತೊಳೆಯೋಣ. ಅಲ್ಲಿ ನಮ್ಮ ಮಕ್ಕಳು ಕಾಯ್ತಾ ಇರ್ತಾರೆ.