ಮಗುವಿಗೆ ಏನೂ ಗೊತ್ತಿಲ್ಲ, ಆದ್ರೂ ದೀಕ್ಷಾಸ್ನಾನ ಯಾಕೆ?

ಕಳೆದ ಭಾನುವಾರ ಬೀದರ್‌ನ ಒಂದು ಮೆಥೋಡಿಸ್ಟ್ ಚರ್ಚ್‌ನಲ್ಲಿ ನನ್ನ ಫ್ರೆಂಡ್ ಮಗುವಿಗೆ ದೀಕ್ಷಾಸ್ನಾನ ಇತ್ತು. ಹಾಡು, ಪ್ರಾರ್ಥನೆ, ಬೈಬಲ್ ಓದು, ಪ್ರಸಂಗ ಎಲ್ಲ ಆದ್ಮೇಲೆ ಪಾಸ್ಟರ್ ಮಗುವಿನ ತಲೆಗೆ ನೀರು ಹಾಕಿದ್ರು. ಮಗು ನಿದ್ದೆಯಲ್ಲಿತ್ತು! ಏನೂ ತಿಳಿಯದ ಕೂಸಿಗೆ ಇದು ಯಾಕೆ?

ಕ್ಯಾಥೊಲಿಕರಿಗೆ 7 ಸಂಸ್ಕಾರಗಳು. ಮೆಥೋಡಿಸ್ಟರಿಗೆ ಎರಡೇ: ದೀಕ್ಷಾಸ್ನಾನ, ಕರ್ತನ ಭೋಜನ. ಯೇಸು ತಾನೇ ಮಾಡಿ ಅಂದಿದ್ದು ಇವೆರಡನ್ನೇ ಅನ್ನೋದು ಅವರ ನಂಬಿಕೆ. 18ನೇ ಶತಮಾನದ ಇಂಗ್ಲೆಂಡ್‌ನಲ್ಲಿ ಈ ಪಂಥ ಶುರು ಮಾಡಿದ ಜಾನ್ ವೆಸ್ಲಿ ಪ್ರಕಾರ, ನಾವು ದೇವರನ್ನು ಹುಡುಕೋ ಮೊದಲೇ ದೇವರ ಕೃಪೆ ನಮ್ಮ ಹತ್ತಿರ ಬಂದಿರುತ್ತೆ. ಅದಕ್ಕೇ ಮಗುವಿಗೂ ದೀಕ್ಷಾಸ್ನಾನ. ಈಗ ಅಪ್ಪ-ಅಮ್ಮ ಮಾತು ಕೊಡ್ತಾರೆ. ದೊಡ್ಡದಾದ ಮೇಲೆ ದೃಢೀಕರಣದ ದಿನ ಅದೇ ಮಗು ತಾನೇ ಮಾತು ಕೊಡುತ್ತೆ.

ಆಮೇಲೆ ಕರ್ತನ ಭೋಜನ. ರೊಟ್ಟಿ ಜೊತೆ ಕೊಟ್ಟಿದ್ದು ವೈನ್ ಅಲ್ಲ, ದ್ರಾಕ್ಷಿ ಜ್ಯೂಸ್. 1869ರಲ್ಲಿ ಥಾಮಸ್ ವೆಲ್ಚ್ ಅನ್ನೋ ಅಮೆರಿಕದ ಮೆಥೋಡಿಸ್ಟ್ ದಂತವೈದ್ಯ, ರಸ ಹುಳಿತು ಮದ್ಯ ಆಗದಂತೆ ಕಾಯಿಸಿಡೋ ವಿಧಾನ ಕಂಡುಕೊಂಡಿದ್ದೇ ಈ ಆರಾಧನೆಗಾಗಿ.

ನನ್ನ ಫ್ರೆಂಡ್ ಕುಡಿತ ಬಿಟ್ಟು ಆರು ತಿಂಗಳು. ಅವನೇ ಹೇಳು ಅಂದಿದ್ದಕ್ಕೆ ಹೇಳ್ತಿದ್ದೀನಿ. 'ನಾನು ಯೋಗ್ಯ ಅಲ್ಲ' ಅಂತ ಎರಡು ವರ್ಷ ಅವನು ಆ ಮೇಜಿನ ಹತ್ತಿರ ಹೋಗಿರಲಿಲ್ಲ. ಯೋಗ್ಯತೆ ಇಲ್ಲ ಅಂತ ದೂರ ಉಳಿಯಬೇಡಿ ಅಂತ ವೆಸ್ಲಿ ಒಂದು ಪ್ರಸಂಗದಲ್ಲೇ ವಾದಿಸಿದ್ದಾರೆ.

ನಾನು ಸಭೆಯವನಲ್ಲ, ಹಾಗಾಗಿ ಸೀಟ್‌ನಲ್ಲೇ ಕೂತಿದ್ದೆ. ಯಾರೂ ತಪ್ಪು ತಿಳೀಲಿಲ್ಲ. ಅವನು ಮಾತ್ರ ಎದ್ದ. ಮಗುವನ್ನ ನನ್ನ ಕೈಗೆ ಕೊಟ್ಟು, ಮುಂದೆ ಹೋಗಿ ಮೊಣಕಾಲೂರಿದ.