ಕೆಲಸದ ಜಾಗದಲ್ಲಿ ಎದೆಹಾಲು ತೆಗೆದಿಡಬಹುದೇ?

ಪ್ರಶ್ನೆ: ಮಗಳಿಗೆ ಕೊಪ್ಪದಲ್ಲಿ ಕಚೇರಿ ಕೆಲಸ. ಎಂಟು ತಿಂಗಳ ಕೂಸು ಶೃಂಗೇರಿಯಲ್ಲಿ ನಮ್ಮೊಂದಿಗಿದೆ. ಕೆಲಸದ ನಡುವೆ ಎದೆಹಾಲು ತೆಗೆದಿಡಲು ಬಿಡುವು ಕೇಳಬಹುದೇ? ಸಂಜೆವರೆಗೆ ಹಾಲು ಕೆಡುವುದಿಲ್ಲವೇ?
– ಓದುಗರೊಬ್ಬರು, ಶೃಂಗೇರಿ

ಉತ್ತರ: ಧಾರಾಳವಾಗಿ ಕೇಳಬಹುದು. 1961ರ ಹೆರಿಗೆ ಸೌಲಭ್ಯ ಕಾಯ್ದೆಯೇ ಮಗುವಿಗೆ 15 ತಿಂಗಳು ತುಂಬುವವರೆಗೆ, ಊಟದ ವಿರಾಮವಲ್ಲದೆ, ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಟ್ಟಿತ್ತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ಕೂಸು ಬೇರೆ ಊರಲ್ಲಿರುವಾಗ ಆ ಹೊತ್ತನ್ನು ಹಾಲು ತೆಗೆಯಲು ಬಿಟ್ಟುಕೊಡುವುದೇ ನ್ಯಾಯ. ಎದೆಹಾಲುಣಿಸುವುದು ತಾಯಿಯ ಮೂಲಭೂತ ಹಕ್ಕು ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲೇ ಹೇಳಿದೆ.

ಬೇಕಾಗುವ ಏರ್ಪಾಡು ದೊಡ್ಡದೇನಲ್ಲ: ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆ, ಒಂದು ಕುರ್ಚಿ, ಪ್ಲಗ್ ಪಾಯಿಂಟ್, ಕೈ ತೊಳೆಯಲು ನೀರು. ಶೌಚಾಲಯ ತೋರಿಸುವುದು ಸಲ್ಲದು. ಸಮಯಕ್ಕೆ ಹಾಲು ತೆಗೆಯದಿದ್ದರೆ ಎದೆ ಕಟ್ಟಿ ನೋವು, ಜ್ವರ ಬರಬಹುದು, ಹಾಲೂ ಕಡಿಮೆಯಾಗುತ್ತದೆ.

ತೆಗೆದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇರುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟನ್ನು ನಂಬುವಂತಿಲ್ಲ. ಐಸ್ ಪ್ಯಾಕ್ ಇಟ್ಟ ಡಬ್ಬಿ ಜೊತೆಗಿರಲಿ, ಬಸ್ಸಿನ ದಾರಿಗೂ ಆಗುತ್ತದೆ. ಬಾಟಲಿ ಮೇಲೆ ತಾರೀಖು, ಹೊತ್ತು ಬರೆದಿಡಿ. ಒಲೆಯ ಮೇಲೆ ಕಾಯಿಸಬೇಡಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ.

ಸಹೋದ್ಯೋಗಿಗಳಿಗೆ ಒಂದೇ ಮಾತು: ಮುಚ್ಚಿದ ಬಾಗಿಲು ಬಡಿಯಬೇಡಿ, ಫ್ರಿಜ್‌ನಲ್ಲಿರುವ ಬಾಟಲಿಯ ಬಗ್ಗೆ ತಮಾಷೆ ಮಾಡಬೇಡಿ. ನಿಮ್ಮ ಮಗಳು ಸಂಕೋಚ ಬಿಟ್ಟು ಇಂದೇ ಲಿಖಿತವಾಗಿ ಕೇಳಲಿ.